ಎರಡು ಬೆರಳು ಮುಂದಕ್ಕೆ

ಲೋಲಾಕ್ಷಿಗೆ ಐವತ್ತೆಂಟು ತುಂಬಿದ ಮಳೆಗಾಲದಲ್ಲಿ ಒಂದು ದಿನ, ಕಲ್ಯಾಣದ ಪತ್ರಿ ಪೂಲ್ ಸೇತುವೆಯ ಹತ್ತಿರದ ತಿರುವಿನಲ್ಲಿ, ಅವಳ ಬಲಭುಜ ಕೈಕೊಟ್ಟಿತು. ಹ್ಯಾಂಡಲ್ ಅರ್ಧಕ್ಕೆ ತಿರುಗಿ ಅಲ್ಲೇ ನಿಂತಿತು. ಮೂರು ಚಕ್ರದ ಭಾರ ಅವಳನ್ನು ನೇರವಾಗಿ ರಸ್ತೆಯ ಅಂಚಿಗೆ ಎಳೆದುಕೊಂಡು ಹೋಯಿತು. ಬ್ರೇಕು ಹಿಡಿದದ್ದರಿಂದ ಅನಾಹುತ ತಪ್ಪಿತು. ಸೈಡ್‌ಕಾರಿನಲ್ಲಿದ್ದ ಸಾಂಬಾರಿನ ಡಬರಿಯ ಮುಚ್ಚಳ ಜಾರಿ ಒಂದಿಷ್ಟು ಚೆಲ್ಲಿತು, ಅಷ್ಟೆ. ಹಿಂದಿನಿಂದ ಬಂದ ಇಬ್ಬರು ರಿಕ್ಷಾದವರು ಇಳಿದು ಗಾಡಿಯನ್ನು ಹಿಂದಕ್ಕೆ ತಳ್ಳಿಕೊಟ್ಟರು. ಆ ದಿನ ಹಾಸ್ಟೆಲಿನ ಹುಡುಗಿಯರಿಗೆ ಊಟ ಇಪ್ಪತ್ತು ನಿಮಿಷ ತಡವಾಗಿ ಮುಟ್ಟಿತು. ಇಪ್ಪತ್ತೆರಡು ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು.

ಗಾಡಿ ಅರವತ್ತೊಂಬತ್ತನೇ ಇಸವಿಯ ಬುಲೆಟ್. ಸೈನ್ಯದವರು ಹರಾಜಿಗಿಟ್ಟದ್ದನ್ನು ಅವಳ ಗಂಡ ಗುರುವಪ್ಪ ಮದುವೆಗೆ ಮುಂಚೆ ಪುಣೆಯಿಂದ ತಂದಿದ್ದ. ಗುರುವಪ್ಪ ಕಾರ್ಕಳದ ಕಡೆಯವನು. ಆಗ ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಅಡುಗೆಗಿದ್ದ. ಲೋಲಾಕ್ಷಿಗೆ ಎರಡನೇ ವಯಸ್ಸಿನಲ್ಲಿ ಪೋಲಿಯೋ ಬಂದು ಎಡಗಾಲು ಗಿಡ್ಡವಾಗಿ, ಸಣ್ಣವಾಗಿ ಉಳಿದಿತ್ತು. ಹಿಂದಿನ ಸೀಟಿನಲ್ಲಿ ಕೂತರೆ ಗುಂಡಿ ಸಿಕ್ಕಾಗಲೆಲ್ಲ ಅವಳು ಜಾರುತ್ತಾಳೆಂದು ಗುರುವಪ್ಪ ಗಾಡಿಯ ಎಡಗಡೆಗೆ ಸೈಡ್‌ಕಾರ್ ಜೋಡಿಸಿದ, ಆರ್‌ಸಿ ಪುಸ್ತಕದಲ್ಲೂ ಅದನ್ನು ಬರೆಸಿದ. ಹದಿಮೂರು ವರ್ಷ ಅವಳು ಅದರಲ್ಲಿ ಕೂತು ಓಡಾಡಿದಳು.

ಆಮೇಲೆ ಗುರುವಪ್ಪನ ಕಣ್ಣಿನ ನರ ಒಣಗುತ್ತ ಬಂತು. ಅಷ್ಟರಲ್ಲಿ ಅವರು ಡೊಂಬಿವಲಿ ಪೂರ್ವದಲ್ಲಿ ನೆಲಮಹಡಿಯ ಎರಡು ಕೋಣೆ ಹಿಡಿದು, ಎರಡು ಕಾರ್ಖಾನೆಗೂ ಒಂದು ಹಾಸ್ಟೆಲಿಗೂ ಮಧ್ಯಾಹ್ನದ ಊಟ ಕಳಿಸುವ ಕೆಲಸ ಶುರುಮಾಡಿದ್ದರು. ಗುರುವಪ್ಪ ಅಂದಾಜಿನ ಮೇಲೆ ಅಡುಗೆ ಮಾಡಬಲ್ಲವನಾಗಿದ್ದ, ಗಾಡಿ ಬಿಡುವಂತಿರಲಿಲ್ಲ. ಬಾಡಿಗೆ ಟೆಂಪೋದ ಚಾಲಕ ಒಂದು ದಿನ ಬರಲಿಲ್ಲ. ಅಂದು ಲೋಲಾಕ್ಷಿ ಸೈಡ್‌ಕಾರಿನ ಕುರ್ಚಿ ಬಿಚ್ಚಿ, ಡಬರಿಗಳನ್ನು ಅದರಲ್ಲಿಟ್ಟು, ತಾನೇ ಸೀಟಿನ ಮೇಲೆ ಕೂತಳು. ಅದಕ್ಕೂ ಹಿಂದಿನ ಎರಡು ತಿಂಗಳು ಅವಳು ಕಾರ್ಖಾನೆಗಳ ಬಡಾವಣೆಯಾದ ಎಂಐಡಿಸಿಯ ಖಾಲಿ ರಸ್ತೆಯಲ್ಲಿ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಬೆಳಿಗ್ಗೆ ಕಲಿತಿದ್ದಳೆಂಬುದು ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ. ಎಡಗಡೆಯ ಬ್ರೇಕಿನ ಪೆಡಲಿಗೆ ಒಂದು ಮರದ ತುಂಡು ಕಟ್ಟಿಸಿದ್ದಳು. ಗಿಡ್ಡ ಕಾಲಿಗೆ ಅದು ಸರಿಯಾಗಿ ಎಟುಕುತ್ತಿತ್ತು. ಮೂರು ಚಕ್ರವಿದ್ದುದರಿಂದ ನಿಲ್ಲಿಸುವಾಗ ಕಾಲು ಊರುವ ಗೋಜಿರಲಿಲ್ಲ.

ನಡೆಯುವಾಗ ಜನ ಅವಳನ್ನು ಕಾಲು ನೋಡಿ ಗುರುತಿಸುತ್ತಿದ್ದರು. ಗಾಡಿಯ ಮೇಲಿದ್ದಾಗ ಗಾಡಿ ನೋಡಿ. ಇವೆರಡರ ನಡುವಿನ ವ್ಯತ್ಯಾಸ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಭುಜ ನೋಡಿದ ಡಾಕ್ಟರು ಸ್ನಾಯು ಸವೆದಿದೆ, ಈ ಗಾಡಿ ಬಿಡುವುದನ್ನು ನಿಲ್ಲಿಸಿ ಎಂದರು. ಗುರುವಪ್ಪನೂ ಮತ್ತೆ ಟೆಂಪೋ ಹೇಳೋಣ ಎಂದ. ಲೋಲಾಕ್ಷಿ ಆಯಿತು ಎಂದಳು. ಅಂದು ರಾತ್ರಿ ಊಟಕ್ಕೆ ಕೂತವಳು ಒಂದು ತುತ್ತೂ ಸರಿಯಾಗಿ ತಿನ್ನಲಿಲ್ಲ.

ಅದನ್ನು ನೋಡಿದವಳು ಮಗಳು ರಮಿತಾ. ಇಪ್ಪತ್ತಾರರ ಹುಡುಗಿ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನವಿ ಮುಂಬಯಿಯ ರಬಾಳೆಯ ಒಂದು ಕಂಪನಿಯಲ್ಲಿ, ತಯಾರಾದ ಬಿಡಿಭಾಗಗಳನ್ನು ಅಳತೆ ಮಾಡಿ ಪಾಸು ಮಾಡುವ ವಿಭಾಗದಲ್ಲಿದ್ದಳು. ಮನೆಯಲ್ಲಿ ತುಳು, ಹೊರಗೆ ಮರಾಠಿ, ಹಿಂದಿ. ಕನ್ನಡ ಅರ್ಥವಾಗುತ್ತಿತ್ತು; ಬಾಯಿಗೆ ಬರುವಾಗ ಮಾತ್ರ ತಡವರಿಸುತ್ತಿತ್ತು. ಅವಳು ಒಂದು ವಾರ ರೈಲಿನಲ್ಲಿ ಹೋಗಿಬರುವಾಗೆಲ್ಲ ಫೋನಿನಲ್ಲಿ ಸೈಡ್‌ಕಾರ್ ಇಟ್ಟುಕೊಂಡವರ ಚರ್ಚೆಗಳನ್ನು ಓದಿದಳು. ಭಾನುವಾರ ತಾಯಿಯನ್ನು ಗಾಡಿಯ ಹತ್ತಿರ ಕರೆದೊಯ್ದು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗುರುತು ಹಾಕಿದಳು. ಹ್ಯಾಂಡಲಿನ ನಡುದಂಡದ ನೇರಕ್ಕೆ ಗೆರೆ ಎಳೆದರೆ ಅದು ನೆಲ ಮುಟ್ಟುವುದು ಒಂದು ಜಾಗ, ಚಕ್ರ ನೆಲ ಮುಟ್ಟುವುದು ಅದರ ಹಿಂದಿನ ಇನ್ನೊಂದು ಜಾಗ. ಈ ಎರಡರ ನಡುವಿನ ಅಂತರ ಹೆಚ್ಚಾದಷ್ಟೂ ಗಾಡಿ ನೇರ ಓಡುತ್ತದೆ, ಆದರೆ ತಿರುಗಿಸಲು ಭಾರ. ಎರಡು ಚಕ್ರದ ಗಾಡಿಗೆ ಆ ಅಂತರ ಬೇಕೇ ಬೇಕು. ಮೂರನೇ ಚಕ್ರ ಬಂದ ಮೇಲೆ ಅಷ್ಟು ಬೇಡ, ಅದು ಬರೀ ಭುಜಕ್ಕೆ ಶಿಕ್ಷೆ. ಮುಂದಿನ ಚಕ್ರವನ್ನು ಎರಡು ಬೆರಳಿನಷ್ಟು ಮುಂದಕ್ಕೆ ತಂದರೆ ಸಾಕು ಎಂದು ರಮಿತಾ ವಿವರಿಸಿದಳು.

"ಚಕ್ರವನ್ನು ಮುಂದೆ ತರುವುದು ಹೇಗೆ ಮಾರಾಯ್ತಿ, ಅದು ಮೇಜಿನ ಕಾಲಾ?" ಎಂದಳು ಲೋಲಾಕ್ಷಿ.

ಚಕ್ರವನ್ನು ಎರಡೂ ಕಡೆ ಹಿಡಿದಿರುವ ಉದ್ದನೆಯ ಕೊಳವೆಗಳು ಫೋರ್ಕು. ಆ ಕೊಳವೆಗಳನ್ನು ಮೇಲೆ ಕಚ್ಚಿ ಹಿಡಿದು ಗಾಡಿಯ ಕತ್ತಿಗೆ ಸೇರಿಸುವ ಕಬ್ಬಿಣದ ಭಾಗವನ್ನು ಗ್ಯಾರೇಜಿನವರು ‘ಟಿ’ ಎನ್ನುತ್ತಾರೆ. ಯುರೋಪಿನ ಒಂದು ಸಣ್ಣ ಕಾರ್ಖಾನೆ, ಸೈಡ್‌ಕಾರಿನವರಿಗೆಂದೇ, ಫೋರ್ಕನ್ನು ಮುಂದಕ್ಕೆ ಹಿಡಿಯುವ ಟಿ ಮಾಡುತ್ತಿತ್ತು. ಜತೆಗೆ ಮೂರು ಚಕ್ರದ ಭಾರಕ್ಕೆ ತಕ್ಕ ಗಟ್ಟಿ ಸ್ಪ್ರಿಂಗು. ರಮಿತಾ ಅವನ್ನು ತರಿಸಿದಳು.

ಪಾರ್ಸೆಲು ಬಂದ ವಾರವೇ ಪುಂಡರೀಕಾಕ್ಷ ರಾಯರು ಬಂದರು. ಎಪ್ಪತ್ತರ ಹಿರಿಯರು. ಅವರ ತಂದೆ ಉಡುಪಿಯಿಂದ ಬಂದು ನೌಪಾಡಾದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿದವರು. ರಾಯರು ಅಂಗಡಿಯನ್ನು ಮಕ್ಕಳಿಗೆ ಬಿಟ್ಟು, ಹಳೆಯ ಮೋಟಾರ್‌ಸೈಕಲ್‌ಗಳ ಒಂದು ಕ್ಲಬ್ಬು ನಡೆಸುತ್ತಿದ್ದರು. ಯಾವ ಗಾಡಿಯ ಯಾವ ನಟ್ಟು ಮೂಲದ್ದು, ಯಾವುದು ಬದಲಾಯಿಸಿದ್ದು ಎಂದು ದೂರದಿಂದಲೇ ಹೇಳುತ್ತಿದ್ದರು. ಈ ಬುಲೆಟ್ಟಿನ ಮೇಲೆ ಅವರಿಗೆ ಹಳೆಯ ಕಣ್ಣು. ಮೂರು ಸಲ ಕೇಳಿದ್ದರು, ಗುರುವಪ್ಪ ಮೂರು ಸಲವೂ ಕಾಫಿ ಕೊಟ್ಟು ಕಳಿಸಿದ್ದ. ಪೆಟ್ಟಿಗೆಯಲ್ಲಿದ್ದ ಹೊಸ ಟಿ ನೋಡಿ ರಾಯರಿಗೆ ನಿಜವಾಗಿಯೂ ನೋವಾಯಿತು. ಸೈನ್ಯದ ಮೂಲ ಫೋರ್ಕು ಹಾಗೇ ಉಳಿದ ಗಾಡಿ ಈ ಇಡೀ ಜಿಲ್ಲೆಯಲ್ಲಿ ಎರಡೋ ಮೂರೋ ಇರಬಹುದು, ಪರದೇಶದ ತುಂಡು ಹಾಕಿದ ಮೇಲೆ ಇದನ್ನು ಮೂಲ ಗಾಡಿಗಳ ಪಟ್ಟಿಯಲ್ಲಿ ಇಡಲಿಕ್ಕೆ ಬರುವುದಿಲ್ಲ ಎಂದರು. ಗದರಿಸಲಿಲ್ಲ, ಬೇಡಿಕೊಳ್ಳುವಂತೆ ಹೇಳಿದರು.

"ರಾಯರೇ, ಅದು ಪಟ್ಟಿಯಲ್ಲಿ ಇರ್ಲಿಕ್ಕೆ ಅಲ್ಲ," ಎಂದಳು ಲೋಲಾಕ್ಷಿ, "ರಸ್ತೆಯಲ್ಲಿ ಇರ್ಲಿಕ್ಕೆ ಉಂಟು."

ರಾಯರು ಕಾಫಿ ಕುಡಿದು ಹೋದರು.

ದೀಪಾವಳಿಯ ರಜೆಯಲ್ಲಿ ಕಾರ್ಖಾನೆಗಳು ಮುಚ್ಚಿ, ಹಾಸ್ಟೆಲಿನ ಹುಡುಗಿಯರು ಊರಿಗೆ ಹೋಗಿದ್ದಾಗ ರಮಿತಾ ಗಾಡಿ ಬಿಚ್ಚಿದಳು. ದೊಡ್ಡ ಲೈಟು ಇಳಿಸಿದಳು, ಹ್ಯಾಂಡಲ್ ಬಿಚ್ಚಿ ಪಕ್ಕಕ್ಕೆ ಕಟ್ಟಿದಳು, ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರ ತೆಗೆದಳು. ಫೋರ್ಕಿನೊಳಗಿನ ಎಣ್ಣೆ ಕಪ್ಪು ಕಷಾಯದಂತೆ ಬಂತು. ಕೊನೆಗೆ ಹಳೆಯ ಟಿ ಇಳಿಸುವಾಗ ಅದರ ಮೇಲೂ ಕೆಳಗೂ ಇದ್ದ ಸಣ್ಣ ಉಕ್ಕಿನ ಗುಂಡುಗಳು ಒಮ್ಮೆಗೇ ಉದುರುತ್ತವೆಂದು ಅವಳಿಗೆ ಗೊತ್ತಿತ್ತು. ಗುರುವಪ್ಪ ಕೆಳಗೆ ಅಗಲವಾದ ಅನ್ನದ ತಟ್ಟೆ ಹಿಡಿದು ಕೂತ. ಗುಂಡುಗಳು ಸದ್ದು ಮಾಡುತ್ತ ತಟ್ಟೆಗೆ ಬಿದ್ದವು. ಅವನು ಅವನ್ನು ಒಂದೊಂದಾಗಿ ಬೆರಳಲ್ಲಿ ಉರುಳಿಸಿ ಮೂವತ್ತೇಳು ಎಂದ. ರಮಿತಾ ಕಣ್ಣಲ್ಲಿ ಎಣಿಸಿದಾಗಲೂ ಮೂವತ್ತೇಳೇ ಆಯಿತು. ಇರಬೇಕಾದದ್ದು ಮೂವತ್ತೆಂಟು. ಅವಳು ಟಾರ್ಚು ಹಿಡಿದು ಮೂಲೆಮೂಲೆ ಹುಡುಕುತ್ತಿರುವಾಗ ಗುರುವಪ್ಪ ಗಾಡಿಯ ಕತ್ತಿನೊಳಗೆ ಬೆರಳು ಹಾಕಿ, ಗ್ರೀಸಿನಲ್ಲಿ ಅಂಟಿಕೊಂಡಿದ್ದ ಒಂದನ್ನು ತೆಗೆದುಕೊಟ್ಟ. ಇಷ್ಟಕ್ಕೇ ಅವನು ಸಂಜೆಯವರೆಗೂ ಖುಷಿಯಾಗಿದ್ದ.

ತೊಂದರೆ ಕಾಣಿಸಿದ್ದು ಹೊಸದನ್ನು ಏರಿಸುವಾಗ. ಆ ಗುಂಡುಗಳು ಕೂರುವ ಉಕ್ಕಿನ ಬಳೆಗೆ ಕೋನ್ ಎನ್ನುತ್ತಾರೆ. ಕೆಳಗಿನ ಕೋನ್ ಟಿಯ ನಡುದಂಡದ ಬುಡದಲ್ಲಿ ಬಿಗಿಯಾಗಿ ಕೂರಬೇಕು. ಹೊಸ ಟಿಯ ದಂಡ ಮೂರು ಮಿಲಿಮೀಟರ್ ಸಣ್ಣ. ಕೋನ್ ಅದರ ಮೇಲೆ ಸಡಿಲವಾಗಿ ಆಡುತ್ತಿತ್ತು. ಪೆಟ್ಟಿಗೆಯ ಕಾಗದದಲ್ಲಿ, ಹಳೆಯ ಮಾದರಿಯ ಗಾಡಿಯವರು ಮೊದಲು ತಮ್ಮ ಅಳತೆ ನೋಡಿಕೊಳ್ಳಬೇಕೆಂದು ಸಣ್ಣ ಅಕ್ಷರದಲ್ಲಿತ್ತು. ದಿನವಿಡೀ ಅಳೆಯುವ ಕೆಲಸದವಳು ತಾನು, ಇದೊಂದನ್ನು ಅಳೆಯಲಿಲ್ಲವಲ್ಲ ಎಂದು ರಮಿತಾಗೆ ನಾಚಿಕೆಯಾಯಿತು. ಬೀದಿಯ ತುದಿಯ ಮೆಕ್ಯಾನಿಕ್ ಬಂದು ನೋಡಿ, ನಡುವೆ ತೆಳು ತಗಡು ಸುತ್ತಿ ಬಡಿದರೆ ಕೂರುತ್ತದೆ ಎಂದ. ರಮಿತಾ ಬೇಡವೆಂದಳು.

ಅವಳ ಕಂಪನಿಯಲ್ಲಿ ಯಾರೋ ಅಂಬರನಾಥದ ಬಾಲಪ್ಪನ ಹೆಸರು ಹೇಳಿದರು. ಬಾಲಪ್ಪ ಕಲಬುರಗಿ ಜಿಲ್ಲೆಯ ಆಳಂದದ ಕಡೆಯವನು. ಹದಿನೇಳರಲ್ಲಿ ಕಟ್ಟಡದ ಕೆಲಸಕ್ಕೆ ಬಂದವನು ಕಬ್ಬಿಣ ಕಡೆಯುವ ಲೇತ್ ಯಂತ್ರದ ಒಂದು ಶೆಡ್ಡಿನಲ್ಲಿ ಉದುರಿದ ಸುರುಳಿ ಗುಡಿಸುವುದಕ್ಕೆ ಸೇರಿ, ನೋಡಿ ನೋಡಿ ಕಲಿತು, ಈಗ ಅಲ್ಲಿನ ಎಂಐಡಿಸಿಯಲ್ಲಿ ಒಂದು ಸಣ್ಣ ಶೆಡ್ಡು ಬಾಡಿಗೆಗೆ ಹಿಡಿದು ಸ್ವಂತ ಲೇತು ಇಟ್ಟುಕೊಂಡಿದ್ದ. ತಾಯಿ ಮಗಳು ಟಿಯನ್ನು ಚೀಲದಲ್ಲಿ ಹಾಕಿಕೊಂಡು ಲೋಕಲ್ ರೈಲಿನಲ್ಲಿ ಹೋದರು. ರಮಿತಾ ಹಿಂದಿಯಲ್ಲಿ ಶುರುಮಾಡಿದಳು. ಬಾಲಪ್ಪ ಅವರಿಬ್ಬರ ಮುಖ ನೋಡಿ, ಯಾವ ಊರಿನವರೆಂದು ಕನ್ನಡದಲ್ಲೇ ಕೇಳಿದ. ಆಮೇಲಿನ ಮಾತೆಲ್ಲ ಮೂರು ಬಗೆಯ ಕನ್ನಡದಲ್ಲಿ ನಡೆಯಿತು: ಬಾಲಪ್ಪನದು ಆಳಂದದ್ದು, ಲೋಲಾಕ್ಷಿಯದು ಕರಾವಳಿಯದು, ರಮಿತಾಳದು ಅರ್ಧ ಮರಾಠಿ.

ರಮಿತಾ ಕೊಳವೆಯಂಥ ಒಂದು ತೆಳುವಾದ ಬುಶ್ ಮಾಡಿಕೊಡಿ, ದಂಡಕ್ಕೂ ಕೋನಿಗೂ ನಡುವೆ ತೂರಿಸುತ್ತೇನೆ ಎಂದಳು. ಬಾಲಪ್ಪ ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಗಾಡಿ ಯಾರು ಬಿಡುತ್ತಾರೆ ಎಂದು ಕೇಳಿದ. ಲೋಲಾಕ್ಷಿ ತಾನೇ ಎಂದಳು. ಅವನು ಅವಳ ಕಾಲಿನ ಕಡೆ ನೋಡಲಿಲ್ಲ. ಅವಳ ಅಂಗೈ ನೋಡಿದ, ಕ್ಲಚ್ಚು ಹಿಡಿದು ಹಿಡಿದು ಎದ್ದ ಗಂಟುಗಳನ್ನು.

"ಬರೀ ಬುಶ್ ಹಾಕಿದ್ರ ಒಂದೂವರೆ ಮಿಲಿ ದಪ್ಪ ಆಗ್ತದ, ಗುಂಡಿಗೆ ಬಿದ್ದಾಗ ಸೀಳ್ತದ್ರಿ ಅಕ್ಕಾರ," ಎಂದ. "ಬುಡದಾಗ ಕಾಲರ್ ಇಟ್ಟು, ಒಂದೇ ಪೀಸಿನಾಗ ತಿರುವ್ತೀನಿ. ಬಡದು ಕೂಡ್ಸೂದಲ್ಲ, ಕಾಯಿಸಿ ಇಳಸೂದು. ನಾಕು ದಿನ ಬಿಟ್ಟ ಬರ್ರಿ."

ನಾಲ್ಕು ದಿನಕ್ಕೆ ಹೋದಾಗ ಬುಶ್ ಸಿದ್ಧವಿತ್ತು. ರಮಿತಾ ತನ್ನ ಮೈಕ್ರೋಮೀಟರ್ ತಂದಿದ್ದಳು, ಅಳೆದಳು, ಸರಿಯಾಗಿದೆ ಎಂದಳು. ಅವಳ ಕಂಪನಿಯಲ್ಲಿ ಅದು ನಿಸ್ಸಂಶಯವಾಗಿ ಪಾಸಾಗುತ್ತಿತ್ತು. ಬಾಲಪ್ಪ ಅವಳಿಂದ ಅದನ್ನು ತೆಗೆದುಕೊಂಡು ಮೂಲೆಯ ಗುಜರಿ ಡಬ್ಬಕ್ಕೆ ಎಸೆದ. ಅದು ಮೊನ್ನೆ ಮಾಡಿದ್ದು, ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಸಡಿಲ ಬಂದಿದೆ ಎಂದು ಹೇಳಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದನ್ನು ಡ್ರಾಯರಿನಿಂದ ತೆಗೆದ. ಹಾಗಾದರೆ ಮೊದಲಿನದನ್ನು ತನ್ನ ಕೈಗೆ ಯಾಕೆ ಕೊಟ್ಟಿರಿ ಎಂದು ರಮಿತಾ ಕೇಳಿದಳು. ನೀನು ಅಳೆದು ನೋಡುತ್ತೀಯೋ, ಸುಮ್ಮನೆ ಒಯ್ಯುತ್ತೀಯೋ ನೋಡಬೇಕಿತ್ತು ಎಂದ ಬಾಲಪ್ಪ. ರಮಿತಾಗೆ ಸಿಟ್ಟೂ ಬಂತು, ನಗುವೂ ಬಂತು. ರೈಲಿನಲ್ಲಿ ಆ ಬುಶ್ಶನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿ ಮುಗಿಯಿತು. ಲೋಲಾಕ್ಷಿ ಎಂಐಡಿಸಿಯ ಖಾಲಿ ರಸ್ತೆಗೆ ಗಾಡಿ ಒಯ್ದಳು. ಅಂಗಳದಿಂದ ಹೊರಗೆ ತಿರುಗುವಾಗಲೇ ಅವಳಿಗೆ ಅರಿವಾಯಿತು: ಹ್ಯಾಂಡಲ್ ಅವಳು ಅಂದುಕೊಂಡದ್ದಕ್ಕಿಂತ ಮುಂಚೆ ತಿರುಗಿಬಿಟ್ಟಿತ್ತು. ಆದರೆ ವೇಗ ಇಪ್ಪತ್ತು ದಾಟುತ್ತಿದ್ದಂತೆ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ನಡುಗಲು ಹಿಡಿಯಿತು. ಹ್ಯಾಂಡಲ್ ಅವಳ ಕೈಯಲ್ಲಿ ಜ್ವರ ಬಂದವರ ಹಾಗೆ ಅದುರಿತು, ನೋವು ಭುಜದಿಂದ ಕುತ್ತಿಗೆಗೆ ಏರಿತು. ಅವಳು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದಳು. ಓಡಿ ಬಂದ ರಮಿತಾ ಬಣ್ಣಗೆಟ್ಟಿದ್ದಳು. ಹಳೆಯದನ್ನೇ ವಾಪಸು ಹಾಕುತ್ತೇನೆ, ನನ್ನಿಂದ ತಪ್ಪಾಯಿತು, ಇದೆಲ್ಲ ಬೇಡವಾಗಿತ್ತು ಎಂದು ಅಳುವ ಸ್ವರದಲ್ಲಿ ಹೇಳಿದಳು.

ಲೋಲಾಕ್ಷಿ ಭುಜ ಒತ್ತಿಕೊಂಡು ಮತ್ತೆ ಕಿಕ್ ಹೊಡೆದಳು. ಈ ಸಲ ನಡುಗುವ ಮುಂಚೆಯೇ ವೇಗ ಏರಿಸಿ ಮೂವತ್ತು ದಾಟಿಸಿದಳು. ರಸ್ತೆಯ ತುದಿಗೆ ಹೋಗಿ ತಿರುಗಿಸಿಕೊಂಡು ಬಂದಳು. ಮತ್ತೊಮ್ಮೆ ಹೋದಳು. ಮೂರನೇ ಸಲ ಬಂದಾಗ ತನಗೆ ತಿಳಿದದ್ದನ್ನು ಹೇಳಿದಳು. ನಡುಕ ಇಪ್ಪತ್ತರಿಂದ ಮೂವತ್ತರ ನಡುವೆ ಮಾತ್ರ. ಅದರ ಮೇಲೆ ಹೋದರೆ ಬೆಣ್ಣೆ. ಗುಂಡಿಗೆ ಬಿದ್ದರೆ ಮೊದಲಿನಂತೆ ಹಲ್ಲು ಕುಟ್ಟುವುದಿಲ್ಲ, ಬ್ರೇಕು ಹಿಡಿದರೆ ಮುಂಭಾಗ ಮೂಗು ಊರುವುದಿಲ್ಲ. ಹಾಗಾದ್ದರಿಂದ ಬಿಚ್ಚುವ ಮಾತೇ ಇಲ್ಲ. ಈ ನಡುಕವೊಂದಕ್ಕೆ ಮದ್ದು ಹುಡುಕಬೇಕು.

ಮದ್ದು ಹೊಳೆದದ್ದೂ ಅವಳಿಗೇ. ಮಧ್ಯಾಹ್ನ ಅಕ್ಕಿ ತೊಳೆಯುತ್ತಿದ್ದವಳು ನಿಲ್ಲಿಸಿ, ಗಂಡನನ್ನು ಕೇಳಿದಳು: ಹ್ಯಾಂಡಲಿನ ನಡುವೆ ಒಂದು ಕಪ್ಪು ತಿರುಗುಗುಂಡಿ ಇತ್ತಲ್ಲ, ಖೋಪೋಲಿಯ ಘಾಟು ಹತ್ತುವಾಗ ನೀವು ಅದನ್ನು ಬಿಗಿ ಮಾಡುತ್ತಿದ್ದಿರಲ್ಲ, ಅದು ಎಲ್ಲಿ ಹೋಯಿತು? ಹದಿಮೂರು ವರ್ಷ ಸೈಡ್‌ಕಾರಿನಲ್ಲಿ ಕೂತವಳ ಕಣ್ಣಿಗೆ ಆ ಗುಂಡಿ ನೇರಕ್ಕೇ ಇತ್ತು. ಗುರುವಪ್ಪ ತಲೆ ಕೆರೆದುಕೊಂಡ. ಹೌದು, ಸೈನ್ಯದ ಗಾಡಿಗೆ ಅದು ಇತ್ತು. ಅದನ್ನು ಬಿಗಿದರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿ ಹ್ಯಾಂಡಲಿನ ಅಲುಗಾಟ ತಡೆಯುತ್ತಿದ್ದವು. ಬಿಲ್ಲೆ ಸವೆದಾಗ, ಮೊದಲೇ ಭಾರವಾದ ಹ್ಯಾಂಡಲಿಗೆ ಇದೊಂದು ಯಾಕೆಂದು ತಾನೇ ಕಿತ್ತು ಬಿಸಾಡಿದ್ದ.

ರಮಿತಾ ಎದ್ದು ಹೋಗಿ ಹೊಸ ಟಿಯ ನಡುದಂಡಕ್ಕೆ ಟಾರ್ಚು ಬಿಟ್ಟು ನೋಡಿದಳು. ದಂಡ ಪೊಳ್ಳಾಗಿತ್ತು, ಒಂದು ಸರಳು ಧಾರಾಳವಾಗಿ ಇಳಿಯುತ್ತಿತ್ತು. ಅವಳು ಚಿತ್ರ ಬರೆದು, ಈ ಸಲ ಎಲ್ಲ ಅಳತೆಯನ್ನೂ ಎರಡೆರಡು ಬಾರಿ ತೆಗೆದು, ಅಂಬರನಾಥಕ್ಕೆ ಒಬ್ಬಳೇ ಹೋದಳು. ಬಾಲಪ್ಪ ಚಿತ್ರವನ್ನು ಗೋಡೆಗೆ ಅಂಟಿಸಿ, ಅವಳು ನಿಂತಿರುವಂತೆಯೇ ಲೇತು ಚಾಲೂ ಮಾಡಿದ. ಬಿಲ್ಲೆಗಳ ನಡುವೆ ಹಾಕುವುದಕ್ಕೆ ಲಾರಿ ಕ್ಲಚ್ಚಿನ ಹಳೆಯ ಪಟ್ಟಿಯಿಂದ ಉಂಗುರ ಕತ್ತರಿಸಿದ. ತಿರುಗುಗುಂಡಿಯನ್ನು ಹಿತ್ತಾಳೆಯಲ್ಲಿ ಮಾಡಿದ, ಹಿಡಿಯುವುದಕ್ಕೆ ಅಂಚಿಗೆ ಗೀರು ಕೊಟ್ಟ. ಸಂಜೆ ಅವಳು ಹೊರಡುವಾಗ, ಕೆಲಸ ಹೇಗಾಯಿತು ಎಂದು ಮಾತ್ರ ತಿಳಿಸು ಎಂದ. ಯಾರೂ ತಿಳಿಸುವುದಿಲ್ಲ ಎಂದೂ ಹೇಳಿದ.

ಮರುದಿನ ಬೆಳಿಗ್ಗೆ ಲೋಲಾಕ್ಷಿ ಆ ಗುಂಡಿಯನ್ನು ಕಾಲು ಸುತ್ತು ಬಿಗಿದು ಹೊರಟಳು. ಇಪ್ಪತ್ತು, ಇಪ್ಪತ್ತೈದು, ಮೂವತ್ತು. ಚಕ್ರ ಅಲುಗಲಿಲ್ಲ. ಅವಳು ರಸ್ತೆಯ ತುದಿಯಲ್ಲಿ ಹಿಂದಿರುಗದೆ ಶೀಳ್ ಫಾಟಾದ ಕೂಡುರಸ್ತೆಯವರೆಗೂ ಹೋಗಿಬಿಟ್ಟಳು. ಇತ್ತ ರಮಿತಾ ಮನೆಯ ಗೇಟಿನ ಹತ್ತಿರ ನಿಂತು ಹತ್ತು ನಿಮಿಷ, ಇಪ್ಪತ್ತು ನಿಮಿಷ ಕಾದು, ಬಿದ್ದಳೋ ಎಂದು ರಿಕ್ಷಾ ಹಿಡಿಯುವುದರಲ್ಲಿದ್ದಳು. ಗುರುವಪ್ಪ ತಡೆದ. ದೂರದಿಂದ ಇಂಜಿನ್ನಿನ ಸದ್ದು ಅವನಿಗೆ ಮೊದಲು ಕೇಳಿಸಿತ್ತು. ಗಾಡಿ ಬಂದು ನಿಂತಾಗ ಲೋಲಾಕ್ಷಿ ಬಲಗೈಯನ್ನು ಮೇಲೆತ್ತಿ, ತಲೆಯ ಮೇಲೆ ತಂದು, ಇಳಿಸಿ ತೋರಿಸಿದಳು. ನೋವಿತ್ತು, ಆದರೆ ಅದು ಹಳೆಯ ನೋವು. ಹೊಸದು ಸೇರಿರಲಿಲ್ಲ.

ಸೋಮವಾರದಿಂದ ಊಟದ ಗಾಡಿ ಮತ್ತೆ ಹೊರಟಿತು. ತಿಂಗಳ ನಂತರ ತೋರಿಸಲು ಹೋದಾಗ ಡಾಕ್ಟರು ಭುಜ ತಿರುಗಿಸಿ ನೋಡಿ, ಗಾಡಿ ಬಿಟ್ಟದ್ದು ಒಳ್ಳೆಯದಾಯಿತು ನೋಡಿ ಎಂದರು. ಲೋಲಾಕ್ಷಿ ಬಿಟ್ಟಿದ್ದೇನೆ ಎಂದಳು. ಅವಳು ಯಾವ ಅರ್ಥದಲ್ಲಿ ಹೇಳಿದಳೆಂದು ಡಾಕ್ಟರಿಗೆ ತಿಳಿಯಲಿಲ್ಲ, ರಮಿತಾ ಹೊರಗೆ ಬಂದು ನಗುತ್ತ ಗೋಡೆ ಹಿಡಿದಳು.

ಜನವರಿಯ ಒಂದು ಭಾನುವಾರ ಠಾಣೆಯ ಒಂದು ಮೈದಾನದಲ್ಲಿ ರಾಯರ ಕ್ಲಬ್ಬಿನ ಕೂಟವಿತ್ತು. ಲೋಲಾಕ್ಷಿಗೆ ಪ್ರತಿ ವರ್ಷ ಆಹ್ವಾನ ಬರುತ್ತಿತ್ತು, ಈ ವರ್ಷವೂ ಬಂತು. ಸೈಡ್‌ಕಾರಿಗೆ ಕುರ್ಚಿ ಹಾಕಿ ಗುರುವಪ್ಪನನ್ನು ಕೂರಿಸಿಕೊಂಡು ಹೋದಳು. ರಮಿತಾ ಹಿಂದಿನ ಸೀಟಿನಲ್ಲಿದ್ದಳು. ಬಾಲಪ್ಪನಿಗೂ ಲೋಲಾಕ್ಷಿ ಹೇಳಿಕಳಿಸಿದ್ದಳು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ರೈಲಿನಲ್ಲಿ ಬಂದು, ಗೇಟಿನ ಹೊರಗೇ ನಿಂತಿದ್ದ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಅನುಮಾನ. ಲೋಲಾಕ್ಷಿ ಅವನನ್ನು ಕರೆದುಕೊಂಡೇ ಒಳಗೆ ಹೋದಳು.

ಮೂಲ ಗಾಡಿಗಳ ಸಾಲಿನಲ್ಲಿ ಅವರಿಗೆ ಜಾಗವಿರಲಿಲ್ಲ. ರಾಯರು ಹೇಳಿದಂತೆಯೇ ಮಾಡಿದ್ದರು. ಬುಲೆಟ್ಟಿಗೆ ದೂರದ ಬೇಲಿಯ ಪಕ್ಕ ಜಾಗ ಕೊಟ್ಟಿದ್ದರು. ಅದಕ್ಕೆ ಲೋಲಾಕ್ಷಿ ತಲೆ ಕೆಡಿಸಿಕೊಳ್ಳಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಸೈಡ್‌ಕಾರುಗಳಿಗೆಂದು ಒಂದು ಪರೀಕ್ಷೆ ಇಟ್ಟಿದ್ದರು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಇಂಗ್ಲಿಷ್ ಎಂಟರ ಆಕಾರ, ಅದರ ಮೇಲೆ ಗೆರೆ ಮೆಟ್ಟದೆ ಮೂರು ಸುತ್ತು. ಬಹುಮಾನವೇನೂ ಇರಲಿಲ್ಲ, ನೋಡುವವರಿಗೆ ಮೋಜು. ಅವಳಿಗಿಂತ ಮುಂಚೆ ಮೂವರು ಹೋದರು, ಮೂವರೂ ಗಟ್ಟಿಮುಟ್ಟಾದ ಗಂಡಸರು. ಎಂಟರ ಸಣ್ಣ ಸುತ್ತಿನಲ್ಲಿ ಅವರು ಸೀಟಿನಿಂದ ಅರ್ಧ ಎದ್ದು, ಹ್ಯಾಂಡಲಿನ ಮೇಲೆ ಮೈಭಾರ ಹಾಕಿ ಎಳೆದರು. ಒಬ್ಬರು ಗೆರೆ ಮೆಟ್ಟಿದರು, ಒಬ್ಬರ ಇಂಜಿನ್ ನಿಂತುಹೋಯಿತು, ಮೂರನೆಯವರು ಮುಗಿಸಿ ಇಳಿದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಲೋಲಾಕ್ಷಿ ಕುಂಟುತ್ತ ಗಾಡಿಯ ಹತ್ತಿರ ಹೋದಾಗ ಪ್ರೇಕ್ಷಕರಲ್ಲಿ ಯಾರೋ, ಇವರೇ ಬಿಡುವುದಾ ಎಂದು ಮರಾಠಿಯಲ್ಲಿ ಕೇಳಿದ್ದು ರಮಿತಾಳ ಕಿವಿಗೆ ಬಿತ್ತು. ಲೋಲಾಕ್ಷಿ ಸೀರೆ ಎತ್ತಿ ಕಟ್ಟಿ ಕಿಕ್ ಹೊಡೆದಳು. ಗುರುವಪ್ಪ ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದ. ಮೊದಲನೇ ಸುತ್ತು, ಎರಡನೇ ಸುತ್ತು. ಅವಳ ಬೆನ್ನು ನೆಟ್ಟಗಿತ್ತು, ಮೊಣಕೈ ಅಲುಗುತ್ತಿರಲಿಲ್ಲ. ಮಣಿಕಟ್ಟು ಮಾತ್ರ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಮೂರನೇ ಸುತ್ತಿನಲ್ಲಿ ಅವಳಿಗೇ ಸ್ವಲ್ಪ ಹುರುಪು ಬಂದು ವೇಗ ಏರಿಸಿದಳು. ಎಡ ತಿರುವಿನಲ್ಲಿ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಒಂದು ಗೇಣು ಎದ್ದು ಮತ್ತೆ ಕೂತಿತು. ಗುರುವಪ್ಪ ಗಾಳಿಯಲ್ಲಿದ್ದಷ್ಟು ಹೊತ್ತೂ ನಗುತ್ತಿದ್ದ. ಸುಣ್ಣದ ಗೆರೆ ಎಲ್ಲೂ ಕೆಡಲಿಲ್ಲ. ಚಪ್ಪಾಳೆ ಬರಲು ಒಂದು ಕ್ಷಣ ಹಿಡಿಯಿತು, ಬಂದ ಮೇಲೆ ಬೇಗ ನಿಲ್ಲಲಿಲ್ಲ.

ಪುಂಡರೀಕಾಕ್ಷ ರಾಯರು ಮೈದಾನ ದಾಟಿ ಬಂದರು. ಒಂದು ಸುತ್ತು ನಾನು ಬಿಡಬಹುದೇ ಎಂದು ಕೇಳಿದರು. ಲೋಲಾಕ್ಷಿ ಇಳಿದುಕೊಟ್ಟಳು. ರಾಯರು ಎಂಟರ ಮೇಲೆ ನಿಧಾನವಾಗಿ ಹೋದರು, ಅರ್ಧ ದಾರಿಯಲ್ಲಿ ಒಂದು ಕೈ ತೆಗೆದರು, ಇನ್ನೊಂದು ಕೈಯಲ್ಲೇ ತಿರುಗಿಸಿಕೊಂಡು ಬಂದರು. ಇಳಿದವರೇ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಟಿಯನ್ನೂ, ಕತ್ತಿನ ಬುಡವನ್ನೂ, ಹಿತ್ತಾಳೆಯ ಗುಂಡಿಯನ್ನೂ ಬಹಳ ಹೊತ್ತು ನೋಡಿದರು.

"ಇದು ಯಾರ ಕೆಲಸ?" ಎಂದು ಕೊನೆಗೆ ಕೇಳಿದರು.

"ಜೋಡಿಸಿದ್ದು ನನ್ನ ಮಗಳು. ಒಳಗೆ ಕಾಣದ್ದು ಉಂಟಲ್ಲ, ಅದು ಇವರದ್ದು, ಬಾಲಪ್ಪಣ್ಣನದ್ದು," ಎಂದಳು ಲೋಲಾಕ್ಷಿ. ಅವಳ ಸ್ವರ ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಇತ್ತು. ಸುತ್ತ ನಿಂತವರೆಲ್ಲ ತಿರುಗಿ ಆ ಇಬ್ಬರನ್ನು ನೋಡಿದರು. ಬಾಲಪ್ಪ ಅಂಗಿಯ ಗುಂಡಿ ಸರಿಮಾಡಿಕೊಂಡ.

ರಾಯರ ಬಳಿಯೂ ಒಂದು ಸೈಡ್‌ಕಾರ್ ಇತ್ತು. ವಯಸ್ಸಾದಂತೆ ಅದನ್ನು ತಿರುಗಿಸಲಾಗದೆ ನಾಲ್ಕು ವರ್ಷದಿಂದ ಬಟ್ಟೆ ಹೊದಿಸಿಟ್ಟಿದ್ದರು. ಹಾಗೆಂದು ಈವರೆಗೆ ಯಾರಿಗೂ ಹೇಳಿರಲಿಲ್ಲ. ಅದಕ್ಕೂ ಹೀಗೆ ಮಾಡಿಕೊಡುತ್ತೀಯಾ ಎಂದು ರಮಿತಾಳನ್ನು ತಗ್ಗಿದ ದನಿಯಲ್ಲಿ ಕೇಳಿದರು. ಪಟ್ಟಿಯ ವಿಷಯ ರಮಿತಾ ಎತ್ತಲಿಲ್ಲ, ರಾಯರೂ ಎತ್ತಲಿಲ್ಲ. ಅವಳು ಮರಾಠಿಯಲ್ಲಿ, ಮೊದಲು ಅಳೆದು ನೋಡಬೇಕು ಎಂದಳು. ಆ ಮಾತಿಗೆ ಬಾಲಪ್ಪ ಅವಳ ಕಡೆ ನೋಡಿ ತಲೆದೂಗಿದ.

ಊಟವಾದ ಮೇಲೆ ಲೋಲಾಕ್ಷಿ, ಬಾಲಪ್ಪಣ್ಣನನ್ನು ತಾನೇ ಮನೆಗೆ ಮುಟ್ಟಿಸುತ್ತೇನೆ ಎಂದಳು. ಅವನು ರೈಲಿದೆ, ಬೇಡವೆಂದ. ಗುರುವಪ್ಪ ಆಗಲೇ ಸೈಡ್‌ಕಾರಿನಿಂದ ಇಳಿದು, ನಾನೂ ಮಗಳೂ ರೈಲಿನಲ್ಲಿ ಹೋಗುತ್ತೇವೆ, ನೀವು ಕೂತುಕೊಳ್ಳಿ ಎಂದು ಜಾಗ ಬಿಟ್ಟುಕೊಟ್ಟಿದ್ದ. ಬಾಲಪ್ಪ ಬೂಟು ಬಿಚ್ಚಬೇಕೇ ಎಂದು ಕೇಳಿ, ಬೇಡವೆಂದ ಮೇಲೆ ಕೂತ.

ಮಧ್ಯಾಹ್ನದ ಬಿಸಿಲಿನಲ್ಲಿ ಶೀಳ್ ಫಾಟಾ ದಾಟಿ, ಕಲ್ಯಾಣ ದಾಟಿ ಹೋದರು. ಮೆಟ್ರೋ ಕೆಲಸಕ್ಕೆ ಅಗೆದ ಕಡೆ ರಸ್ತೆ ಒಂದೇ ಸಮ ಇರಲಿಲ್ಲ. ಪ್ರತಿ ಗುಂಡಿಗೂ ಬಾಲಪ್ಪ ಬಗ್ಗಿ ಮುಂದಿನ ಚಕ್ರವನ್ನೇ ನೋಡುತ್ತಿದ್ದ. ಉಲ್ಲಾಸನಗರದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮಾತಾಡಿದ.

"ಮೂವತ್ನಾಕು ವರ್ಷ ಆತು ಅಕ್ಕಾರ, ಲೇತಿನ ಮುಂದ ನಿಂತು. ಎಷ್ಟ ಪೀಸ್ ತಿರುವೀನೋ ಲೆಕ್ಕ ಇಲ್ಲ. ಪೆಟಿಗ್ಯಾಗ ತುಂಬ್ತಾರ, ಟೆಂಪೋ ಬರ್ತದ, ಒಯ್ತಾರ. ಯಾವ ಮಶೀನಿಗಿ ಕೂಡ್ತದೋ, ಎಲ್ಲಿ ತಿರಗ್ತದೋ, ಒಂದೂ ನೋಡಿಲ್ಲ. ಇವತ್ತ ನೋಡ್ದೆ."

ಸಿಗ್ನಲ್ ಹಸಿರಾಯಿತು. ಮುಂದೆ ಒಂದು ಒಳ್ಳೆಯ ರಸ್ತೆ ಸಿಕ್ಕಾಗ ಲೋಲಾಕ್ಷಿ ಗಾಡಿಯನ್ನು ಅವನಿಗಾಗಿ ಸ್ವಲ್ಪ ವೇಗವಾಗಿ ಬಿಟ್ಟಳು.

ಅಂಬರನಾಥದ ಅವನ ಓಣಿ ಸಣ್ಣದು. ಸದ್ದು ಕೇಳಿ ಬಾಲಪ್ಪನ ಹೆಂಡತಿ ಭೀಮಮ್ಮ ಹೊರಗೆ ಬಂದಳು. ಒಂದು ಕಾಲದಲ್ಲಿ ಇದೇ ಊರಿನ ಕಟ್ಟಡಗಳಿಗೆ ತಲೆಯ ಮೇಲೆ ಇಟ್ಟಿಗೆ ಹೊತ್ತವಳು. ಗಂಡ ತೊಟ್ಟಿಲಂಥದ್ದರಲ್ಲಿ ಕೂತು ಬಂದದ್ದನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬಾಲಪ್ಪ ಇಳಿದವನೇ ಅವಳನ್ನು ಗಾಡಿಯ ಮುಂದೆ ಕರೆದು, ನಾ ಮಾಡಿದ್ದು ಇದರೊಳಗ ಅದ ಎಂದು ಕತ್ತಿನ ಬುಡ ತೋರಿಸಿದ. ಅವಳು ಬಗ್ಗಿ ನೋಡಿ, ಏನೂ ಕಾಣಲೊಲ್ಲದು ಎಂದಳು. ಕಾಣುವುದಿಲ್ಲ ಎಂದು ಅವನು ಹೆಮ್ಮೆಯಿಂದಲೇ ಒಪ್ಪಿಕೊಂಡ.

ಲೋಲಾಕ್ಷಿ ಹ್ಯಾಂಡಲ್ ಬಿಟ್ಟು ಹಿಂದೆ ಸರಿದು, ಭೀಮಮ್ಮನಿಗೆ ನೀವೇ ತಿರುಗಿಸಿ ನೋಡಿ ಎಂದಳು. ಭೀಮಮ್ಮ ಮೊದಲು ಕೈ ಒರೆಸಿಕೊಂಡಳು. ಭಾರವಿರುತ್ತದೆಂದು ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ನೂಕಿದಳು. ಹ್ಯಾಂಡಲ್ ತಾನಾಗಿ ಹೋದಂತೆ ಹೋಯಿತು. ಬಲಕ್ಕೆ ತಂದಳು. ಮತ್ತೆ ಎಡಕ್ಕೆ.

"ಇಷ್ಟ ದೊಡ್ಡ ಗಾಡಿ," ಎಂದು ಗಂಡನ ಮುಖ ನೋಡಿದಳು. "ನೀ ಮಾಡ್ದಿ?"

ಅಷ್ಟು ಹೊತ್ತಿಗೆ ಪಕ್ಕದ ಮನೆಯವರು ಹೊರಗೆ ಬಂದಿದ್ದರು, ಎದುರಿನ ಮನೆಯವರೂ ಬಂದರು. ಒಬ್ಬರಾದ ಮೇಲೊಬ್ಬರು ಹ್ಯಾಂಡಲ್ ಹಿಡಿದು ನೋಡಿದರು. ಬಾಲಪ್ಪ ಪ್ರತಿಯೊಬ್ಬರಿಗೂ ಮೊದಲಿನಿಂದ ವಿವರಿಸಿದ: ಕಾಲರ್ ಯಾಕೆ ಇಟ್ಟದ್ದು, ಕಾಯಿಸಿ ಇಳಿಸುವುದು ಯಾಕೆ, ನೂರರಲ್ಲಿ ಎರಡು ಭಾಗ ಎಂದರೆ ಎಷ್ಟು. ಲೋಲಾಕ್ಷಿಗೆ ಡೊಂಬಿವಲಿಗೆ ಹೋಗಿ ನಾಳೆಯ ಬೇಳೆ ನೆನೆಹಾಕುವುದಿತ್ತು. ಆದರೂ ಭೀಮಮ್ಮ ತಂದಿಟ್ಟ ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ, ಅವನು ಮುಗಿಸುವವರೆಗೂ ಕಾದಳು.